ರಕ್ತ ಬಾರದ ಗಾಯಕ್ಕೆ ಸಾಕ್ಷಿ ಯಾರು?

1

ನಮ್ಮ ಪೊಲೀಸ್ ಠಾಣೆಗಳ ಕನ್ನಡದಲ್ಲಿ ಗಾಯಗಳಿಗೂ ಎರಡು ಜಾತಿ. ಒಂದು ರಕ್ತಗಾಯ, ಇನ್ನೊಂದು ಗುಪ್ತಗಾಯ. ಮಚ್ಚು, ಕೊಡಲಿ, ಕುಡುಗೋಲು ಬಿದ್ದರೆ ರಕ್ತಗಾಯ. ದೊಣ್ಣೆ, ಲಾಠಿ, ಬೂಟುಗಾಲು, ಗುದ್ದು ಬಿದ್ದರೆ ಬಹಳ ಸಲ ಗುಪ್ತಗಾಯ. ಊರ ಕಡೆ ಇದನ್ನೇ ಒಳಪೆಟ್ಟು ಅಂತಾರೆ.

ಗುಪ್ತ ಅಂದರೆ ಯಾರಿಂದ ಗುಪ್ತ? ಪೆಟ್ಟು ತಿಂದವನಿಗೆ ಅದು ಗುಪ್ತವಲ್ಲ. ಅವನು ರಾತ್ರಿಯೆಲ್ಲ ಮಗ್ಗುಲು ಬದಲಿಸಲಾಗದೆ ನರಳುತ್ತಾನೆ. ಹೊಡೆದವನಿಗೂ ಗುಪ್ತವಲ್ಲ, ಎಲ್ಲಿ ಹೊಡೆದೆ, ಎಷ್ಟು ಹೊಡೆದೆ ಎಂಬುದು ಅವನ ಕೈಗೆ ನೆನಪಿದೆ. ಅದು ಗುಪ್ತವಾಗಿರುವುದು ನೋಡಬೇಕಾದವರಿಗೆ. ಡಾಕ್ಟರಿಗೆ, ದಫೇದಾರನಿಗೆ, ಜಡ್ಜಿಗೆ, ಪಂಚಾಯ್ತಿ ಕಟ್ಟೆಯ ಹಿರಿಯರಿಗೆ, ಪತ್ರಿಕೆಯವರಿಗೆ.

ಮತ್ತೊಬ್ಬನ ನೋವು ನನಗೆ ತಿಳಿಯಲು ಸಾಧ್ಯವೇ ಎಂಬುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಆರಾಮಕುರ್ಚಿಯಲ್ಲಿ ಕೂತವರಿಗೆ ಅದು ಬುದ್ಧಿಯ ಕಸರತ್ತು. ಕೇರಿಯಲ್ಲಿ ಅದು ಪ್ರಾಣದ ಪ್ರಶ್ನೆ. ಧಣಿಯ ಮಗ ಹಲ್ಲುನೋವು ಅಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ, ಗಾಡಿ ಕಟ್ಟುತ್ತಾರೆ. ಆಳುಮಗ ಹೊಟ್ಟೆಯೊಳಗೆ ನೋವು ಅಂದರೆ ಮೊದಲು ಬರುವ ಮಾತು 'ನಾಟಕ ಆಡ್ತಾವ್ನೆ', ಎರಡನೆಯದು 'ಕುಡಿದವ್ನೆ'. ನೋವು ಒಂದೇ. ನಂಬಿಕೆ ಮಾತ್ರ ಜಾತಿ ನೋಡಿ, ಜೇಬು ನೋಡಿ ಹುಟ್ಟುತ್ತದೆ. ಈ ಲೇಖನದ ಪ್ರಶ್ನೆ ಇದು: ಕಣ್ಣಿಗೆ ಕಾಣದ ಪೆಟ್ಟನ್ನು ಯಾರ ಮಾತಿನ ಮೇಲೆ ನಂಬಬೇಕು, ಮತ್ತು ಅಂಥ ಪೆಟ್ಟು ಬೀಳದ ಹಾಗೆ ತಡೆಯುವುದೆಂದರೆ ಏನು?

2

ಮೊದಲು ಮೈಯ ಮಾತು ಕೇಳೋಣ. ಇದನ್ನು ಡಾಕ್ಟರರಿಗೇ ಬಿಟ್ಟರೆ ಆಗುವುದಿಲ್ಲ. ಕೇರಿಯ ಪ್ರತಿ ಸಂಘಕ್ಕೂ ಇಷ್ಟು ಗೊತ್ತಿರಬೇಕು.

ಹರಿತವಾದ ಆಯುಧ ಚರ್ಮವನ್ನು ಕೊಯ್ಯುತ್ತದೆ. ಮೊಂಡಾದ ವಸ್ತು ಚರ್ಮವನ್ನು ಒತ್ತುತ್ತದೆ. ಚರ್ಮಕ್ಕೆ ಎಳೆತ ತಡೆಯುವ ಗುಣವಿದೆ. ಅದು ಬಗ್ಗಿ ಬಲವನ್ನು ಒಳಕ್ಕೆ ಬಿಡುತ್ತದೆ. ಟೊಮೇಟೊ ತುಂಬಿದ ಗೋಣಿಚೀಲಕ್ಕೆ ದೊಣ್ಣೆಯಲ್ಲಿ ಬಾರಿಸಿ ನೋಡಿ. ಚೀಲ ಹರಿಯುವುದಿಲ್ಲ, ಒಳಗಿನ ಹಣ್ಣು ಅಪ್ಪಚ್ಚಿ. ಹಾಗೆಯೇ ಚರ್ಮದಡಿಯ ಸಣ್ಣ ರಕ್ತನಾಳ ಒಡೆಯುತ್ತದೆ, ಮಾಂಸಖಂಡ ಜಜ್ಜುತ್ತದೆ, ಪಕ್ಕೆಲುಬು ಮುರಿಯುತ್ತದೆ, ಗುಲ್ಮವೋ ಲಿವರೋ ಸೀಳುತ್ತದೆ. ರಕ್ತ ಬರುತ್ತದೆ, ಆದರೆ ಒಳಗೇ.

ಆದರೂ ಮೈ ಪೂರ್ತಿ ಮೂಕವಲ್ಲ. ಲಾಠಿಯಂಥ ಉರುಟಾದ ಕೋಲು ಬಲವಾಗಿ ಬಿದ್ದಲ್ಲಿ ಒಂದು ಗೆರೆ ಏಳುವುದಿಲ್ಲ, ಎರಡು ಏಳುತ್ತವೆ. ನಡುವಿನ ಜಾಗ ಬಿಳಚಿರುತ್ತದೆ, ಎರಡು ಪಕ್ಕ ರೈಲು ಕಂಬಿಯ ಹಾಗೆ ಬಾಸುಂಡೆ. ಗೋಡೆಗೆ ಎಡವಿದವನ ಮೈಮೇಲೆ, ಮೆಟ್ಟಿಲಿಂದ ಜಾರಿದವನ ಬೆನ್ನ ಮೇಲೆ ಈ ಜೋಡಿಗೆರೆಗಳು ಸಾಲುಸಾಲಾಗಿ ಬರುವುದಿಲ್ಲ. ಬಿದ್ದವರಿಗೆ ಸಾಮಾನ್ಯವಾಗಿ ತರಚುವುದು ಮಂಡಿ, ಮೊಣಕೈ, ಅಂಗೈ, ಹಣೆ. ಹೊಡೆಸಿಕೊಂಡವರಿಗೆ ಬೆನ್ನು, ತೊಡೆ, ಕುಂಡೆ, ಮುಂಗೈಯ ಹೊರಮೈ. ತಲೆಗೆ ಬೀಳುವ ದೊಣ್ಣೆಗೆ ಅಡ್ಡ ಹಿಡಿದ ಕೈಯಲ್ಲಿ ಕಿರುಬೆರಳಿನ ಕಡೆಯ ಮೂಳೆ ಮುರಿಯುತ್ತದೆ. ಕೇರಿಯವರು ದೂರು ಕೊಟ್ಟ ಮರುದಿನವೇ 'ಅವ್ರೇ ನಮ್ಮನ್ನ ಹೊಡೆದ್ರು' ಅಂತ ಕೌಂಟರ್ ಕೇಸು ಬೀಳುವುದು ಎಲ್ಲರಿಗೂ ಗೊತ್ತಿರುವ ಆಟ. ಆಗ ಈ ಮುರಿದ ಮೂಳೆಯ ಮಾತನ್ನು ಕೇಳಬೇಕು.

ನಮ್ಮ ಮೈಬಣ್ಣದ ವಿಚಾರವೂ ಇದೆ. ಕಂದಿದ ಗಾಯ ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಹಳದಿ ಎಂದು ಪುಸ್ತಕ ಹೇಳುತ್ತದೆ. ಇದು ಬಿಳಿ ಚರ್ಮದ ಮೇಲೆ ಓದಿದ ಪಾಠ. ಬಿಸಿಲಲ್ಲಿ ಬೆಂದ ಕಪ್ಪು ಬೆನ್ನಿನ ಮೇಲೆ ಈ ಬಣ್ಣಗಳು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಕಣ್ಣು ಸಾಲದು, ಕೈ ಬೇಕು. ಒತ್ತಿದರೆ ನೋಯುತ್ತದೆಯೇ, ಊದಿದೆಯೇ, ಗಟ್ಟಿಯಾಗಿದೆಯೇ, ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಮುಟ್ಟಬೇಕು! ಮುಟ್ಟಿಸಿಕೊಳ್ಳದ ಸಮಾಜದಲ್ಲಿ ಗಾಯ ಗುಪ್ತವಾಗಿ ಉಳಿಯುವುದಕ್ಕೆ ಇದಕ್ಕಿಂತ ಸರಳ ಕಾರಣ ಬೇಕೆ?

ಕಾಲದ ವಿಚಾರವೂ ಇದೆ. ಆಳದ ಮಾಂಸಖಂಡದಲ್ಲಿ ಕಟ್ಟಿದ ರಕ್ತ ಮೇಲೆ ತೋರಲು ಒಂದೆರಡು ದಿನ ಬೇಕಾಗಬಹುದು. ಅದು ಇಳಿಜಾರಿಗೆ ಹರಿಯುತ್ತದೆ ಕೂಡ. ಹಣೆಗೆ ಬಿದ್ದ ಪೆಟ್ಟು ಮರುದಿನ ಕಣ್ಣಿನ ಸುತ್ತ ಕಪ್ಪಾಗಿ ತೋರುತ್ತದೆ. ಪೆಟ್ಟು ಬಿದ್ದ ಗಂಟೆಯಲ್ಲೇ ಟಾರ್ಚು ಹಾಯಿಸಿ 'ಹೊರಗಾಯಗಳಿಲ್ಲ' ಎಂದು ಚೀಟಿ ಬರೆದರೆ ಅದು ನೋಡಿದವನ ಆತುರ. ಒಂದು ದಿನ, ಎರಡು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು, ಮತ್ತೆ ಬರೆಸಬೇಕು.

ಇನ್ನು ಸಾವಿನ ದಾರಿಗಳು. ತಲೆಗೆ ಪೆಟ್ಟು ಬಿದ್ದವನು ಎದ್ದು ಕೂರಬಹುದು, ಮಾತಾಡಬಹುದು, ಬೀಡಿ ಸೇದಬಹುದು. ತಲೆಬುರುಡೆಯೊಳಗೆ ರಕ್ತ ನಿಧಾನಕ್ಕೆ ತುಂಬುತ್ತಿದ್ದರೆ ಕೆಲವು ಗಂಟೆಗಳಲ್ಲಿ ಮಂಪರು ಬರುತ್ತದೆ. 'ಮಲಗ್ಲಿ ಬಿಡಿ, ನಶೆ ಇಳೀಲಿ' ಅಂತ ಬಿಟ್ಟರೆ ಬೆಳಿಗ್ಗೆಗೆ ಹೆಣ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಾತಿನ ತೊದಲು, ಫಿಟ್ಸು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರು ನೀರಾಗಿ ಸೋರುವುದು, ಇವುಗಳಲ್ಲಿ ಒಂದು ಕಂಡರೂ ದೊಡ್ಡಾಸ್ಪತ್ರೆಗೆ ಓಡಬೇಕು.

ಎಡ ಪಕ್ಕೆಯ ಕೆಳಭಾಗಕ್ಕೆ ಒದೆ ಬಿದ್ದರೆ ಗುಲ್ಮ ಸೀಳಬಹುದು. ಕೆಲವು ಸಲ ಅದು ದಿನಗಳು ಕಳೆದ ಮೇಲೆ ಒಡೆಯುತ್ತದೆ. ಹೊಟ್ಟೆ ಬಿಗಿಯುವುದು, ಮುಖ ಬಿಳಚುವುದು, ತಣ್ಣನೆ ಬೆವರು, ತಲೆಸುತ್ತು, ನಾಡಿ ಓಡುವುದು, ಎಡ ಹೆಗಲಲ್ಲಿ ಕಾರಣವಿಲ್ಲದ ನೋವು ಅದರ ಗುರುತು. ಅಂಥ ಹೊಟ್ಟೆಗೆ ಎಣ್ಣೆ ಹಚ್ಚಿ ನೀವಬಾರದು. ಬಸುರಿ ಹೆಂಗಸಿನ ಹೊಟ್ಟೆಗೆ ಪೆಟ್ಟು ಬಿದ್ದರೆ ಹೊರಗೆ ರಕ್ತ ಕಾಣದಿದ್ದರೂ ಆಸ್ಪತ್ರೆಗೇ ಹೋಗಬೇಕು.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲದ ದಾರಿ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ, ಕುಸಿದ ಗೋಡೆಗಳಡಿ ಗಂಟೆಗಟ್ಟಲೆ ಸಿಕ್ಕಿಕೊಂಡು ಜೀವಂತ ಹೊರಬಂದವರು ಕೆಲವೇ ದಿನಗಳಲ್ಲಿ ಕಿಡ್ನಿ ನಿಂತು ಸಾಯುತ್ತಿದ್ದರು. 1941ರಲ್ಲಿ ಬೈವಾಟರ್ಸ್ ಎಂಬ ವೈದ್ಯ ಇದನ್ನು ವಿವರಿಸಿದ. ಜಜ್ಜಿದ ಮಾಂಸಖಂಡದಿಂದ ಒಸರಿದ ವಸ್ತು ರಕ್ತದಲ್ಲಿ ಸೇರಿ ಕಿಡ್ನಿಯನ್ನು ಹಾಳು ಮಾಡುತ್ತದೆ. ತೊಡೆ, ಕುಂಡೆ, ಬೆನ್ನಿಗೆ ಒಂದೇ ಸಮನೆ ಲಾಠಿ ಬಿದ್ದವನಿಗೂ ಆಗುವುದು ಇದೇ. ಯಾವ ಒಂದು ಏಟೂ ಕೊಲ್ಲುವಂಥದ್ದಲ್ಲ, ಒಟ್ಟು ಏಟುಗಳು ಕೊಲ್ಲುತ್ತವೆ. ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ, ಒಂದು ಗಂಟೆಯೂ ತಡ ಮಾಡಬಾರದು. ಬೇಗ ಡ್ರಿಪ್ ಹಾಕಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಠಾಣೆಯಿಂದ ನಡೆದುಕೊಂಡೇ ಮನೆಗೆ ಬಂದವನು ಮೂರನೇ ದಿನ ಸತ್ತರೆ 'ಕಾಯಿಲೆ ಇತ್ತಂತೆ' ಅನ್ನುತ್ತಾರೆ. ಆ ಕಾಯಿಲೆಯ ಹೆಸರು ಲಾಠಿ.

3

ಗುರುತು ಉಳಿಯದಂತೆ ಹೊಡೆಯುವುದು ಒಂದು ವಿದ್ಯೆ. ಅಂಗಾಲಿಗೆ ಹೊಡೆಯುವುದು ಆ ವಿದ್ಯೆಯ ಒಂದು ಪಾಠ. ಅಲ್ಲಿನ ದಪ್ಪ ಚರ್ಮ ಬೇಗ ಗುರುತು ತೋರಿಸುವುದಿಲ್ಲ. ಲಾಕಪ್ಪಿನಲ್ಲಿ ನೋವು ಪೂರ್ತಿ ಬೇಕು, ಗುರುತು ಬೇಡ.

ಬೀದಿಯಲ್ಲಿ ಇದು ತಲೆಕೆಳಗು. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಹಿಡಿದು, ಅರೆಬೆತ್ತಲೆ ಮಾಡಿ, ವಾಹನಕ್ಕೆ ಕಟ್ಟಿ ರಾಡು ದೊಣ್ಣೆಗಳಿಂದ ಬಡಿದರು. ಹಾಡುಹಗಲು, ಜನರ ನಡುವೆ. ಬಡಿದದ್ದನ್ನು ಚಿತ್ರ ತೆಗೆದು ಹಂಚಿದರು. ಇಲ್ಲಿ ಗುರುತು ಉಳಿಯಲೇಬೇಕು, ಎಲ್ಲರೂ ನೋಡಲೇಬೇಕು. ಯಾಕೆಂದರೆ ಆ ಪೆಟ್ಟು ನಾಲ್ಕು ಜನರ ಬೆನ್ನಿಗಷ್ಟೇ ಬಿದ್ದದ್ದಲ್ಲ, ನೋಡುವ ಇಡೀ ಕೇರಿಯ ಎದೆಗೆ ಬೀಳಬೇಕು ಎಂಬುದು ಲೆಕ್ಕ.

ಠಾಣೆಯಲ್ಲಿ ಬಚ್ಚಿಡುವುದು, ಬೀದಿಯಲ್ಲಿ ಮೆರೆಸುವುದು. ಎರಡರ ಹಿಂದೆಯೂ ಒಂದೇ ನಂಬಿಕೆ ಇದೆ: ಈ ಮೈ ಹೊಡೆಯುವುದಕ್ಕೆ ಇರುವ ಮೈ. ಗುರುತು ಉಳಿಸಬೇಕೋ ಬೇಡವೋ ಎಂಬ ತೀರ್ಮಾನವೂ ಹೊಡೆಯುವವನದೇ.

4

ಕಾನೂನು ಏನು ಹೇಳುತ್ತದೆ? 1860ರ ಭಾರತೀಯ ದಂಡ ಸಂಹಿತೆ ನೋವನ್ನು ಸಾದಾ ಮತ್ತು ತೀವ್ರ ಎಂದು ಎರಡು ಮಾಡಿತು. ಕಣ್ಣು, ಕಿವಿ, ಅಂಗ, ಕೀಲು ಹೋದರೆ, ಮುಖ ಶಾಶ್ವತವಾಗಿ ವಿಕಾರವಾದರೆ, ಮೂಳೆಯೋ ಹಲ್ಲೋ ಮುರಿದರೆ ತೀವ್ರ. ಇವ್ಯಾವೂ ಅಲ್ಲದಿದ್ದರೆ, ಜೀವಕ್ಕೆ ಅಪಾಯ ತರುವ ಅಥವಾ 20 ದಿನ ಕಡುನೋವು ಕೊಡುವ ಇಲ್ಲವೇ ಅಷ್ಟು ದಿನ ತನ್ನ ನಿತ್ಯದ ಕೆಲಸ ಮಾಡಲಾಗದಂತೆ ಮಾಡುವ ಪೆಟ್ಟು ತೀವ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಈ 20ನ್ನು 15 ಮಾಡಿತು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ನಿತ್ಯದ ಕೆಲಸಕ್ಕೆ ಹೋಗಲಾಗದೆ 15 ದಿನ ಮಲಗಬಲ್ಲವರು ಯಾರು? ಮಲಗಿದರೂ ಒಲೆ ಉರಿಯುವ ಮನೆಯವರು. ಕೂಲಿಯವಳು ಬೆನ್ನಿನ ತುಂಬ ಬಾಸುಂಡೆ ಹೊತ್ತು ಮೂರನೇ ದಿನಕ್ಕೆ ಕಳೆ ಕೀಳಲು ಹೋಗುತ್ತಾಳೆ. ನೋವು ಹೋಯಿತೆಂದಲ್ಲ, ಹಿಟ್ಟಿನ ಮಡಕೆ ಬರಿದಾಯಿತೆಂದು. ಅವಳು ಹೊಲಕ್ಕಿಳಿದದ್ದೇ ಅವಳ ಗಾಯದ ವಿರುದ್ಧ ಸಾಕ್ಷಿಯಾಗುತ್ತದೆ. 'ಕೆಲ್ಸಕ್ಕೆ ಹೋಗಿದ್ಲಲ್ಲ, ಏನಾಗಿತ್ತು ಅವ್ಳಿಗೆ?' ಅದೇ ಪೆಟ್ಟು, ಅದೇ ಬೆನ್ನು. ಉಳ್ಳವನ ಮನೆಯಲ್ಲಾದರೆ ತೀವ್ರ, ಇಲ್ಲದವಳ ಗುಡಿಸಲಲ್ಲಿ ಸಾದಾ. ಬಡತನಕ್ಕೆ ನರಳುವ ಪುರುಸೊತ್ತೂ ಇಲ್ಲ.

ಗಾಯದ ಸರ್ಟಿಫಿಕೇಟಿನಲ್ಲಿ 'ಸಾದಾ ಸ್ವರೂಪದ್ದು' ಎಂಬ ಎರಡು ಪದ ಬಿದ್ದರೆ ಏನಾಗುತ್ತದೆ? ಬರಿಗೈಯಲ್ಲಿ ಕೊಟ್ಟ ಸಾದಾ ಪೆಟ್ಟು, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ. ಎನ್.ಸಿ. ಬರೆದುಕೊಂಡು ಮನೆಗೆ ಕಳಿಸುತ್ತಾರೆ. ಶಿಕ್ಷೆ ಆದರೂ ಹೆಚ್ಚೆಂದರೆ ಒಂದು ವರ್ಷ. ತೀವ್ರ ಎಂದಾದರೆ ಏಳು ವರ್ಷದವರೆಗೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು. ಅದಕ್ಕೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಾಗಿ, ಜಾತಿ ತಿಳಿದೂ ಹೊಡೆದ ಸಾದಾ ಪೆಟ್ಟನ್ನೂ ದೌರ್ಜನ್ಯದ ಪಟ್ಟಿಗೆ ಸೇರಿಸಿತು. ಚಳವಳಿಗಳು ಗೆದ್ದ ದೊಡ್ಡ ಮಾತು ಇದು. ಸಾದಾ ಎಂಬುದರೊಳಗೆ ಏನು ಅಡಗಿದೆ ಎಂದು ಕಾನೂನು ಅಷ್ಟರ ಮಟ್ಟಿಗಾದರೂ ಒಪ್ಪಿಕೊಂಡಿತು.

5

ಆದರೆ ಪೆಟ್ಟನ್ನು ಅಳೆದು ಕೊಡುವ ಬುದ್ಧಿ ಬ್ರಿಟಿಷರು ತಂದದ್ದಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯ ನೋಡಿ. ಕೀಳುಜಾತಿಯವನು ಯಾವ ಅಂಗದಿಂದ ಮೇಲಿನವನನ್ನು ನೋಯಿಸಿದನೋ ಆ ಅಂಗವನ್ನೇ ಕತ್ತರಿಸಬೇಕೆಂದು ಅಲ್ಲಿದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿ. ಹೆಂಡತಿ, ಮಗ, ದಾಸ, ಶಿಷ್ಯ, ತಮ್ಮ, ಇವರು ತಪ್ಪು ಮಾಡಿದರೆ ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಹೊಡೆಯಬಹುದು. ಆದರೆ ಬೆನ್ನಿಗೆ ಮಾತ್ರ, ತಲೆಗೆ ಬೇಡ!

ಕೆಲವರು ಇದನ್ನು ಕರುಣೆ ಎನ್ನಬಹುದು. ನೋಡಿ, ಜೀವಕ್ಕೆ ಅಪಾಯ ಆಗದ ಹಾಗೆ ಎಷ್ಟು ಎಚ್ಚರ! ಆದರೆ ಆ ಎಚ್ಚರ ಕಾಯುವುದು ಏನನ್ನು? ಬೆನ್ನನ್ನಲ್ಲ, ಹೊಡೆಯುವ ಹಕ್ಕನ್ನು. ತಲೆಗೆ ಹೊಡೆದರೆ ಆಳು ಸಾಯುತ್ತಾನೆ, ಊರು ಕೇಳುತ್ತದೆ, ದುಡಿಯುವ ಕೈ ಒಂದು ಕಡಿಮೆಯಾಗುತ್ತದೆ. ಬೆನ್ನಿಗೆ ಹೊಡೆದರೆ ನೋವೂ ಆಗುತ್ತದೆ, ನಾಳೆ ಕೆಲಸವೂ ಆಗುತ್ತದೆ. ಗುಪ್ತಗಾಯದ ಮೊದಲ ಕೈಪಿಡಿ ಇದು. ಅಳತೆ ಹೇಳಿದ ಕೂಡಲೇ ಪೆಟ್ಟು ಅನ್ಯಾಯವಾಗುವುದು ನಿಂತು ಶಿಸ್ತಾಗಿಬಿಡುತ್ತದೆ.

ಆ ಪಟ್ಟಿಯನ್ನು ಇನ್ನೊಂದು ಸಲ ಓದಿ, ಗೆಳೆಯರೆ. ಹೆಂಡತಿ, ಮಗ, ದಾಸ, ಶಿಷ್ಯ. ದಾಸನ ಪರವಾಗಿ ನಾವು ಘೋಷಣೆ ಕೂಗುತ್ತೇವೆ. ಉಳಿದವರು? ಹೊಲದಲ್ಲಿ ಧಣಿಯ ಕೈಯಲ್ಲಿ ಬೈಸಿಕೊಂಡು ಬಂದವನು ರಾತ್ರಿ ಹೆಂಡತಿಯ ಬೆನ್ನಿಗೆ ಗುದ್ದುತ್ತಾನೆ. ಮರುದಿನ 'ಬಚ್ಚಲಲ್ಲಿ ಜಾರಿ ಬಿದ್ದೆ ಕಣಕ್ಕ' ಅಂತ ಅವಳೇ ನೆರೆಯವಳಿಗೆ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಉಂಡವರೆಂದು ಬಂತು. ಇದು ಮೇಲ್ಜಾತಿಯವರ ಮನೆಯ ಲೆಕ್ಕ ಮಾತ್ರ ಅಂತ ಯಾರೂ ಹೇಳಲಾರರು.

ಮತ್ತೆ ಮೇಷ್ಟ್ರುಗಳೇ, ನಿಮ್ಮ ಮೇಜಿನ ಮೇಲಿನ ಬೆತ್ತ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನು ನಿಷೇಧಿಸಿದೆ. ಕಪಾಳಕ್ಕೆ ಬಿಟ್ಟ ಒಂದು ಏಟಿಗೆ ಕಿವಿಯ ತಮಟೆ ಹರಿಯಬಹುದು. ಅದೂ ಗುಪ್ತಗಾಯವೇ. ಆ ಹುಡುಗ 'ಮಂದಬುದ್ಧಿ, ಹೇಳಿದ್ದು ಕೇಳಲ್ಲ' ಎಂದು ಹಿಂದಿನ ಬೆಂಚಿಗೆ ಹೋಗುತ್ತಾನೆ, ಆಮೇಲೆ ದನದ ಹಿಂದೆ ಹೋಗುತ್ತಾನೆ. ಹೆಂಡತಿಗೆ, ಮಗನಿಗೆ, ಶಿಷ್ಯನಿಗೆ ಕೈ ಎತ್ತುವವರೆಗೂ ಮನುವಿನ ಪುಸ್ತಕ ನಮ್ಮ ಮನೆಯಲ್ಲೇ ಇದೆ, ಓದು ಬರದಿದ್ದರೂ ಕೂಡ.

6

ಹಾಗಾದರೆ ತಡೆಯುವುದು ಹೇಗೆ?

ಕೇರಿಗೆ ಒಂದು ತಡೆ ಸಾವಿರಾರು ವರ್ಷದಿಂದ ಗೊತ್ತಿದೆ. 'ತಗ್ಗಿ ಬಗ್ಗಿ ನಡಿ ಕಣ್ ಮಗಾ. ಗೌಡ್ರು ಎದುರಿಗೆ ಬಂದ್ರೆ ಚಪ್ಪಲಿ ಕೈಗೆ ತಕೋ. ಮೇಲಿನೋರ ತಂಟೆ ನಮಗ್ಯಾಕೆ.' ಅವ್ವಂದಿರು ಇದನ್ನು ಪ್ರೀತಿಯಿಂದಲೇ ಹೇಳಿದ್ದು. ಮಗ ಜೀವಂತ ಮನೆಗೆ ಬರಲಿ ಎಂದೇ ಹೇಳಿದ್ದು. ಅವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ತಡೆಯ ಬೆಲೆ ನೋಡಿ. ಬೆನ್ನು ಉಳಿಯಿತು, ಬೆನ್ನೆಲುಬು ಹೋಯಿತು. ಅಲ್ಲದೆ ಬೆನ್ನಾದರೂ ಉಳಿಯಿತೆ? ಎಷ್ಟು ಬಗ್ಗಿದರೆ ಸಾಕು ಎಂದು ತೀರ್ಮಾನಿಸುವವನು ದೊಣ್ಣೆ ಹಿಡಿದವನು. ಇವತ್ತು ಚಪ್ಪಲಿ ತಪ್ಪು, ನಾಳೆ ಬೈಕು ತಪ್ಪು, ನಾಡಿದ್ದು ಮೀಸೆ ತಪ್ಪು.

1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಕುಡಿದರು. ಇನ್ನು ಗುಡಿಗೂ ನುಗ್ಗುತ್ತಾರೆ ಎಂಬ ಸುಳ್ಳು ಹಬ್ಬಿಸಿ ಸವರ್ಣೀಯರು ದೊಣ್ಣೆ ಹಿಡಿದು ಬಂದರು. ಊಟಕ್ಕೆ ಕೂತವರನ್ನು, ಊರಿಗೆ ಹೊರಟವರನ್ನು ಬಡಿದರು. ಸೈನ್ಯದಲ್ಲಿ ದುಡಿದು ಬಂದ ಮಹಾರರು ಅಲ್ಲಿದ್ದರು. ತಿರುಗಿಸಿ ಕೊಡುವ ತಾಕತ್ತು ಅವರಿಗಿತ್ತು. ಅಂಬೇಡ್ಕರ್ ತಡೆದರು. ಪ್ರಕರಣ ಕೋರ್ಟಿಗೆ ಹೋಯಿತು, ಹೊಡೆದವರಲ್ಲಿ ಕೆಲವರಿಗೆ ಶಿಕ್ಷೆಯೂ ಆಯಿತು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು.

ತಡೆದದ್ದು ಸರಿಯೇ ಎಂದು ನಮ್ಮ ಹುಡುಗರು ಇವತ್ತೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಮೈಮೇಲೆ ಬಿದ್ದವನಿಂದ ತನ್ನನ್ನು ಕಾಪಾಡಿಕೊಳ್ಳುವುದು ಹಕ್ಕು. ಹಳೆಯ ಸಂಹಿತೆಯೂ ಹೊಸ ಸಂಹಿತೆಯೂ ಅದನ್ನು ಒಪ್ಪುತ್ತವೆ. ಅಡ್ಡ ಹಿಡಿದ ಕೈಗೆ ಯಾವ ನೀತಿಪಾಠವೂ ಬೇಡ. ಆದರೆ ರಕ್ಷಣೆ ಬೇರೆ, ಸೇಡು ಬೇರೆ. ಹತ್ತು ಮನೆಯ ಕೇರಿ ನೂರು ಮನೆಯ ಊರಿನ ಮೇಲೆ ಸೇಡಿಗೆ ಇಳಿದರೆ ಮರುದಿನ ಹೆಣ ಎಣಿಸುವುದು ಕೇರಿಯೇ. ಇದು ಲೆಕ್ಕದ ಮಾತಾಯಿತು. ನೀತಿಯ ಮಾತು ಇನ್ನೊಂದು. ಹೊಡೆಯುವ ಹಕ್ಕು ಯಾರಿಗೂ ಇಲ್ಲ ಎಂದು ಸಾಧಿಸಲು ಹೊರಟವರು ಆ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲಾಗದು. ಅಂಬೇಡ್ಕರ್ ಕೊನೆಗೆ ಬುದ್ಧನ ಬಳಿ ಹೋದದ್ದರಲ್ಲಿ ಈ ಮಾತೂ ಇದೆ. ಮನುವಿಗೆ ದಂಡವೇ ದೊರೆ. ಬುದ್ಧನಿಗೆ ದಂಡವನ್ನು ಕೆಳಗಿಟ್ಟವನೇ ದೊಡ್ಡವನು.

ಕೆಳಗಿಡಿಸುವುದಕ್ಕೆ ದಾರಿಗಳಿವೆ. ಊನಾದ ನಂತರ ಗುಜರಾತಿನ ದಲಿತರು ಸತ್ತ ದನಗಳನ್ನು ಗಾಡಿಗಳಲ್ಲಿ ತುಂಬಿ ತಂದು ಸುರೇಂದ್ರನಗರದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಸುರಿದರು. ನಿಮ್ಮ ಗೋಮಾತೆ, ನೀವೇ ಮಣ್ಣು ಮಾಡಿ ಎಂದರು. ಯಾರ ಮೇಲೂ ಕೈ ಮಾಡಲಿಲ್ಲ, ಕೈಯನ್ನು ಕೆಲಸದಿಂದ ಹಿಂತೆಗೆದರು. ನಮ್ಮ ಜಿಲ್ಲೆಯಲ್ಲೇ ನೋಡಿ ಎಂದು ಕೊಪ್ಪಳದವರು ಹೇಳಬಹುದು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಕೇರಿಗೆ ನುಗ್ಗಿ ಬಡಿದರು, ಗುಡಿಸಲು ಸುಟ್ಟರು. ಹತ್ತು ವರ್ಷ ಸಾಕ್ಷಿ ಹೇಳುವವರು ಸಾಕ್ಷಿ ಹೇಳಿದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 98 ಮಂದಿಗೆ ಜೀವಾವಧಿ ವಿಧಿಸಿತು. ಕೋರ್ಟಿನ ಮೆಟ್ಟಿಲು ಅಲ್ಲಿಗೇ ಮುಗಿಯುವುದಿಲ್ಲ, ಮೇಲ್ಮನವಿಗಳಿರುತ್ತವೆ. ಆದರೆ ಹೊಡೆದರೆ ಕೇಳುವವರಿಲ್ಲ ಎಂಬ ಧೈರ್ಯಕ್ಕೆ ಅಂದು ಒಂದು ಪೆಟ್ಟು ಬಿತ್ತು.

ಸರ್ಕಾರದ ಕೈಯ ಮಾತು ಇನ್ನೂ ಬಾಕಿ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಇನ್ನೂ ಅನುಮೋದಿಸಿಲ್ಲ. ಸಹಿ ಹಾಕಿದ ಕೈಯಲ್ಲೇ ಲಾಠಿ ಉಳಿದಿದೆ.

7

ಸಂಘದ ಗೆಳೆಯರು, ಹಾಸ್ಟೆಲಿನ ಹುಡುಗರು, ಮೇಷ್ಟ್ರುಗಳು ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ.

ಪೆಟ್ಟು ತಿಂದವರನ್ನು ಮೊದಲು ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕಾಗದ ತನ್ನಿ ಎಂದು ಚಿಕಿತ್ಸೆ ತಡೆಯುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಡಾಕ್ಟರು ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಎಂ.ಎಲ್.ಸಿ. ಬರೆಸಿರಿ. ನೋವಿರುವ ಪ್ರತಿ ಜಾಗವನ್ನೂ, ಗುರುತು ಕಾಣದಿದ್ದರೂ, 'ಒತ್ತಿದರೆ ನೋವು, ಊತ' ಎಂದು ಬರೆಯಲು ಕೇಳಿರಿ. ಯಾವುದರಿಂದ ಹೊಡೆದರು, ಎಷ್ಟು ಹೊತ್ತಿಗೆ, ಯಾರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಬೆಳಕಿನಲ್ಲಿ ಫೋಟೊ ತೆಗೆಯಿರಿ, ಗಾಯದ ಪಕ್ಕ ಒಂದು ಸ್ಕೇಲಿಟ್ಟು. ಎರಡನೇ ದಿನ, ಮೂರನೇ ದಿನ ಮತ್ತೆ ತೆಗೆಯಿರಿ, ಮತ್ತೆ ಡಾಕ್ಟರಿಗೆ ತೋರಿಸಿರಿ. ಆ ರಾತ್ರಿ ಒಬ್ಬರು ಪಕ್ಕದಲ್ಲಿ ಎಚ್ಚರವಿದ್ದು ಮಾತಾಡಿಸುತ್ತಿರಿ, ಉಚ್ಚೆಯ ಬಣ್ಣ ಕೇಳಿರಿ. ಸಾರಾಯಿ ಕುಡಿಸಬೇಡಿ.

ಠಾಣೆಯಲ್ಲಿ ಕೂರಿಸಿದ್ದರೆ 1996ರ ಡಿ.ಕೆ. ಬಸು ತೀರ್ಪು ನೆನಪಿಡಿ. ಬಂಧಿತ ಕೇಳಿದರೆ ಮೈಮೇಲಿನ ಸಣ್ಣ ದೊಡ್ಡ ಗಾಯಗಳನ್ನೆಲ್ಲ ಅಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ದೃಶ್ಯ ಬೇಕೆಂದು ಬರವಣಿಗೆಯಲ್ಲಿ ಕೇಳಿರಿ, ತಡ ಮಾಡದೆ.

ಇಷ್ಟೆಲ್ಲ ಮಾಡುವುದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ, ಅದಕ್ಕೆ ಕಾಯ್ದೆ ಬೇಡ, ಕಾಸೂ ಬೇಡ. ಒಬ್ಬ ಮನುಷ್ಯ ನಿಮ್ಮ ಮುಂದೆ ನಿಂತು 'ಒಳಗೆ ನೋಯ್ತಾ ಐತೆ' ಅಂದಾಗ ನಂಬುವುದು. ಆಮೇಲೆ ಪರೀಕ್ಷೆ ಆಗಲಿ, ತನಿಖೆ ಆಗಲಿ, ಪಾಟೀಸವಾಲು ಆಗಲಿ. ಆದರೆ ಶುರು ಮಾಡುವುದು ನಂಬಿಕೆಯಿಂದ. ಸಾವಿರಾರು ವರ್ಷ ಹೊಡೆದವನ ಮಾತೇ ಸಾಕ್ಷಿಯಾಗಿ ನಡೆದಿದೆ. ಇನ್ನು ಹೊಡೆಸಿಕೊಂಡವಳ ಮಾತು ಸಾಕ್ಷಿಯಾಗಲಿ. ಅವಳ ಪಕ್ಕದಲ್ಲಿ ನಿಂತು, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆದುಕೊಳ್ಳುವ ಒಂದು ಕೈ ಪ್ರತಿ ಕೇರಿಯಲ್ಲೂ ಇರಲಿ.